ಕೆಳಗಿನ ಹಲಗೆಯ ಮೂರು ಟ್ರೇ

ಜನವರಿ ೧೧, ಸೋಮವಾರ

ಪತ್ರಿಕೆಯವರು ಏಳು ತಿಂಗಳು ಕಾಯಿಸಿ ಇವತ್ತು ಬೆಳಿಗ್ಗೆ ಎರಡು ಸಾಲು ಕಳಿಸಿದ್ದಾರೆ. "ಕೆಲಸ ಅಚ್ಚುಕಟ್ಟಾಗಿದೆ. ಆದರೆ ಇದರಲ್ಲಿ ಹೊಸತೇನೂ ಇಲ್ಲ. ನಮ್ಮ ಓದುಗರಿಗೆ ರುಚಿಸುವಂಥದ್ದಲ್ಲ." ಅಚ್ಚುಕಟ್ಟಂತೆ! ಊಟ ಮಾಡದೆ ಎದ್ದುಹೋಗುವವನು ತಟ್ಟೆ ಚೆನ್ನಾಗಿ ತೊಳೆದಿದ್ದೀರಿ ಎಂದು ಹೊಗಳಿದ ಹಾಗಾಯಿತು. ಬರೆದವರು ಯಾರೋ ಗೊತ್ತಿಲ್ಲ, ಗೊತ್ತಾಗಬಾರದು ಎಂಬುದೇ ಕಟ್ಟಳೆ. ಸಂಶೋಧನಾ ಪತ್ರಿಕೆಗೆ ಪ್ರಬಂಧ ಕಳಿಸಿದರೆ ನಮ್ಮದೇ ಕಸುಬಿನ ಒಬ್ಬಿಬ್ಬರು ಮುಖ ತೋರಿಸದೆ ಓದಿ, ಅಚ್ಚು ಹಾಕಿ ಅಥವಾ ಬಿಸಾಕಿ ಎನ್ನುತ್ತಾರೆ. ಪರೀಕ್ಷೆ ಮಾಡುವವರಿಗೆ ಮುಖವಿಲ್ಲ, ಬರೆದವರ ಮುಖಕ್ಕೆ ಮಾತ್ರ ಮಂಗಳಾರತಿ.

ನಾನು ನೊಣದ ಹುಳು ಸಾಕುವವಳು. ಕ್ಯಾಂಟೀನಿನ ಎಂಜಲು, ಸಿಪ್ಪೆ, ಬೂಸಲು ಹಿಡಿದ ಬ್ರೆಡ್ಡು ತಿಂದು ಕೊಬ್ಬುವ ಹುಳು. ಕೊಬ್ಬಿದ ಮೇಲೆ ಕೋಳಿಗೆ, ಮೀನಿಗೆ ಮೇವು. ದಿನಾ ಹತ್ತು ಸಾವಿರ ಹುಳುವಿನ ನಡುವೆ ಬರಿಗೈ ಆಡಿಸುತ್ತೇನೆ, ಕೈ ತೊಳೆದು ಅಲ್ಲೇ ಡಬ್ಬಿ ಬಿಚ್ಚಿ ಉಣ್ಣುತ್ತೇನೆ. ಒಂದು ದಿನವೂ ಹೇಸಿಗೆ ಅನ್ನಿಸಿಲ್ಲ. ಹುಳು ಮರ್ಯಾದಸ್ತ ಪ್ರಾಣಿ. ತಿನ್ನುತ್ತದೆ, ಬೆಳೆಯುತ್ತದೆ, ಕೋಶ ಕಟ್ಟಿಕೊಂಡು ಸುಮ್ಮನಾಗುತ್ತದೆ. ಇನ್ನೊಂದು ಹುಳು ತಿಂದದ್ದನ್ನು ತಾನು ತಿಂದೆ ಎಂದು ಹೇಳಿಕೊಳ್ಳುವುದಿಲ್ಲ. ನನಗೆ ಹೇಸಿಗೆ ಬರುವುದು ಈ ಎರಡು ಸಾಲು ಬರೆಯುವವರನ್ನು ಕಂಡರೆ.

ಜೂನ್ ಹದಿನೈದಕ್ಕೆ ಸಮಿತಿ ಕೂರುತ್ತದೆ. ಆರು ವರ್ಷದಿಂದ ಹಂಗಾಮಿ ನಾನು. ಸಮಿತಿ ಒಪ್ಪುವ ಪಟ್ಟಿಯಲ್ಲಿರುವ ಪತ್ರಿಕೆಯೊಂದರಲ್ಲಿ ಇನ್ನೊಂದು ಪ್ರಬಂಧ ಬಂದರೆ ಕೆಲಸ ಖಾಯಂ. ಬರದಿದ್ದರೆ ನನಗೆ ಮನೆ, ಹುಳುವಿನ ಕೋಣೆಗೆ ಬೀಗ.

ಜನವರಿ ೧೪, ಗುರುವಾರ

ವಿಭಾಗದ ಮುಖ್ಯಸ್ಥರು ಕರೆಸಿದ್ದರು. ಇವರಿಗೆ ನಾವು ಇಟ್ಟ ಹೆಸರು ಬಾಲಂಗೋಚಿ. ಇಲ್ಲಿಂದ ಯಾವ ಪ್ರಬಂಧ ಹಾರಿದರೂ ಅದರ ಕೊನೆಗೆ ಅವರ ಹೆಸರು ಜೋತುಬಿದ್ದಿರುತ್ತದೆ. ಗಾಳಿಪಟ ನಮ್ಮದು, ದಾರ ನಮ್ಮದು, ಬಾಲ ಅವರದು.

"ಏನಮ್ಮಾ ಇದು? ಐದು ಪದಾರ್ಥ ಬೆರೆಸಿ ನೋಡಿದೆ, ಐದರಿಂದಲೂ ಹುಳ ಬೇಗ ಬೆಳೀಲಿಲ್ಲ. ಏನೂ ಆಗಲಿಲ್ಲ ಅನ್ನೋದನ್ನ ಯಾರಮ್ಮಾ ಅಚ್ಚು ಹಾಕ್ತಾರೆ?"

"ನಿಜ ಅದೇ ಅಲ್ವಾ ಸರ್? ಗೊತ್ತಿದ್ರೆ ಇನ್ನೊಬ್ಬರು ಅದನ್ನೇ ಮಾಡಿ ವರ್ಷ ಹಾಳು ಮಾಡ್ಕೊಳಲ್ಲ."

"ನಿಜಾನಾ!" ಎಂದು ನಕ್ಕರು. "ಏನಾದ್ರೂ ಆಗೋ ಹಾಗೆ ಮಾಡಮ್ಮ. ಮತ್ತೆ, ಈ ಸಲ ನಮ್ಮ ಅಳಿಯನ ಹೆಸರೂ ಒಂದು ಸೇರಿಸ್ಬಿಡು. ಅವನಿಗೂ ಬೇಕಾಗಿದೆ."

ಅಳಿಯ ಇನ್ನೊಂದು ಊರಿನಲ್ಲಿ ಸಿಮೆಂಟಿನ ಮೇಲೆ ಕೆಲಸ ಮಾಡುವವನು. ಹುಳುವಿನ ಕೋಣೆಯ ಬಾಗಿಲು ಯಾವ ದಿಕ್ಕಿಗಿದೆ ಎಂದೂ ಅವನಿಗೆ ಗೊತ್ತಿಲ್ಲ. ಮಾತು ಬಾಯಿಗೆ ಬಂದಿತ್ತು, ನುಂಗಿಕೊಂಡೆ. ಕಾರಿಡಾರಿನ ನಲ್ಲಿಯಲ್ಲಿ ಬಾಯಿ ಮುಕ್ಕಳಿಸಿ ಬಂದೆ. ಅಷ್ಟು ಅಸಹ್ಯವಾಗಿತ್ತು.

ಫೆಬ್ರವರಿ ೮, ಸೋಮವಾರ

ಆಗಿದೆ! ಏನೋ ಆಗಿದೆ!

ಆರನೆಯ ಪದಾರ್ಥ, ಒಲೆಯ ಬೂದಿ. ಬೂದಿ ಬೆರೆಸಿದ ಮೂರು ಟ್ರೇಗಳಲ್ಲಿ ಹುಳು ಎಂದಿಗಿಂತ ಎರಡು ದಿನ ಮೊದಲೇ ಕೋಶ ಕಟ್ಟಿವೆ. ಉಳಿದ ಒಂಬತ್ತು ಟ್ರೇಗಳಲ್ಲಿ ಇನ್ನೂ ಹರಿದಾಡುತ್ತಿವೆ. ಎಣಿಕೆ ತಪ್ಪಿರಬಹುದೇ ಎಂದು ಅಕ್ಕನನ್ನು ಮೂರು ಸಲ ಕೇಳಿದೆ. ಅಕ್ಕ ಎಂದರೆ ಲ್ಯಾಬಿನ ಸಹಾಯಕಿ. ಮೊದಲು ಬೆಂಕಿಪೆಟ್ಟಿಗೆ ಕಾರ್ಖಾನೆಯಲ್ಲಿ ಕಡ್ಡಿ ತುಂಬುತ್ತಿದ್ದವರು. ಅವರ ಎಣಿಕೆ ತಪ್ಪುವುದಿಲ್ಲ. ಬೆಳಿಗ್ಗೆ ಎಂಟಕ್ಕೆ ಚಿಮಟ ಹಿಡಿದು ಕೂತು ಕೋಶಗಳನ್ನು ಒಂದೊಂದೇ ಬೇರೆ ಮಾಡಿ ಉದ್ದ ನೋಟ್‌ಬುಕ್ಕಿನಲ್ಲಿ ಬರೆಯುತ್ತಾರೆ.

"ಮೂರು ಸಲ ಕೇಳಿದ್ರೂ ಅಷ್ಟೇ ಮೇಡಂ. ನಿಮ್ಮ ಸಂತೋಷಕ್ಕೆ ಬೇಕಿದ್ರೆ ನಾಲ್ಕನೇ ಸಲ ಎಣಿಸ್ತೀನಿ."

ಶಾಲೆ ಮುಗಿಸಿ ಮಗಳು ಬಂದಿದ್ದಳು. ಅಂಗೈ ಮೇಲೆ ಒಂದು ಹುಳು ಇಟ್ಟುಕೊಂಡು, "ಅಮ್ಮ, ಇದು ಕಚಗುಳಿ ಇಡುತ್ತೆ" ಎಂದು ಕಿಲಕಿಲ ನಕ್ಕಳು. ಅಕ್ಕ ಅವಳಿಗೆ ಖಾಲಿ ಬೆಂಕಿಪೆಟ್ಟಿಗೆಯಲ್ಲಿ ಒಂದು ಹುಳು ಹಾಕಿ ಕೊಟ್ಟರು. ಮನೆಗೆ ಬಂದ ಮೇಲೆ ನಮ್ಮ ಮನೆಯವರು ಮೂಗು ಮುಚ್ಚಿಕೊಂಡು, "ಒಬ್ಬಳ ವಾಸನೆ ಸಾಲದು ಅಂತ ಈಗ ಇಬ್ಬರದೂ" ಎಂದರು. ಅವರದು ಕನ್ನಡಕದ ಅಂಗಡಿ. ಕಣ್ಣಿನ ಕೆಲಸದವರಿಗೆ ಮೂಗು ಇಷ್ಟು ಚುರುಕಿರಬಾರದು.

ಫೆಬ್ರವರಿ ೧೯, ಶುಕ್ರವಾರ

ಬೇರೆ ಪತ್ರಿಕೆಗೆ ಕಳಿಸಿದ್ದಾಯಿತು.

ಅಕ್ಕನ ಹೆಸರನ್ನು ಎರಡನೆಯದಾಗಿ ಹಾಕಿದ್ದೆ. ನ್ಯಾಯವಾಗಿ ಹಾಕಲೇಬೇಕು. ಬಾಲಂಗೋಚಿ ಅದನ್ನು ನೋಡಿ, "ಕಸ ಗುಡಿಸೋರ ಹೆಸರೆಲ್ಲ ಹಾಕಿದ್ರೆ ಪತ್ರಿಕೆಯೋರು ನಗ್ತಾರಮ್ಮ" ಎಂದರು. ವಾದ ಮಾಡಿದೆ. ಕೊನೆಗೆ ಕೃತಜ್ಞತೆಯ ಸಾಲಿನಲ್ಲಿ ಅಕ್ಕನ ಹೆಸರು ಎಂದಾಯಿತು. ಅಳಿಯನ ಹೆಸರು ಎರಡನೆಯ ಜಾಗಕ್ಕೆ ಬಂದು ಕೂತಿತು. ಸದ್ಯಕ್ಕೆ ಇರಲಿ, ತಿದ್ದುಪಡಿಗೆ ಬಂದಾಗ ಕಿತ್ತುಹಾಕುತ್ತೇನೆ.

ನನ್ನ ಮೊದಲ ಪ್ರಬಂಧ ನೆನಪಾಯಿತು, ಹನ್ನೊಂದು ವರ್ಷದ ಹಿಂದಿನದು. ಬೆಳಕು ಕಂಡರೆ ಹುಳು ಯಾಕೆ ತಿರುಗುತ್ತದೆ ಎಂದು ಬರೆದಿದ್ದೆ. ಅದು ಅಚ್ಚಾಗಿ ಎರಡು ತಿಂಗಳಿಗೆ ಎಲ್ಲಿಯದೋ ಊರಿನ ಒಬ್ಬ ಅಪರಿಚಿತ ಕಾಗದ ಬರೆದ. ನಾಲ್ಕನೆಯ ಪುಟದಲ್ಲಿ ನನ್ನ ತಪ್ಪು ಒಂದನ್ನು ತೋರಿಸಿದ್ದ. ನಾನು ಅವತ್ತು ಕುಣಿದಾಡಿಬಿಟ್ಟಿದ್ದೆ! ನೋಡದವನು, ಕೇಳದವನು, ನನ್ನ ಹುಳುವನ್ನು ಇಷ್ಟು ಮನಸ್ಸಿಟ್ಟು ಓದಿದ್ದಾನಲ್ಲ ಎಂದು. ಪ್ರಕಟಿಸುವುದು ಅದಕ್ಕೇ ಅಲ್ಲವೇ? ನಮ್ಮ ಕೋಣೆಯಲ್ಲಿ ನಮ್ಮ ಬೆನ್ನು ನಾವೇ ತಟ್ಟಿಕೊಳ್ಳದೆ, ಯಾರೋ ದೂರದವರು ನೋಡಿ ಹೌದು ಎನ್ನಲಿ, ಅಲ್ಲ ಎನ್ನಲಿ ಎಂದು. ಆ ಕಾಗದ ಇನ್ನೂ ನನ್ನ ಮೇಜಿನ ಡ್ರಾಯರಿನಲ್ಲಿದೆ.

ಮಾರ್ಚ್ ೨೨, ಸೋಮವಾರ

ಒಂದೇ ತಿಂಗಳಿಗೆ ಉತ್ತರ! ಏನೋ ಆಗುತ್ತದೆ ಎಂದು ಬರೆದರೆ ಎಷ್ಟು ಬೇಗ ಓದುತ್ತಾರೆ.

ಮೊದಲ ಪರಿಶೀಲಕರಿಗೆ ಮೆಚ್ಚಿಗೆಯಾಗಿದೆ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಪೈಕಿ. ಒಂದೂ ಪ್ರಶ್ನೆ ಕೇಳಿಲ್ಲ. ಎರಡನೆಯವರು, "ಈ ಕೆಳಗಿನ ಐದು ಪ್ರಬಂಧಗಳನ್ನು ಉಲ್ಲೇಖಿಸದಿರುವುದು ದೊಡ್ಡ ಕೊರತೆ" ಎಂದಿದ್ದಾರೆ. ಐದೂ ಒಬ್ಬನವೇ. ಮುಖ ಮುಚ್ಚಿಕೊಂಡು ಬಂದು ಜೇಬಿನ ಮೇಲೆ ಹೆಸರು ಬರೆದುಕೊಂಡ ಕಳ್ಳ! ಐದರಲ್ಲಿ ಎರಡು ರೇಷ್ಮೆ ಹುಳುವಿನ ಮೇಲೆ, ಒಂದು ಜೇನಿನ ಮೇಲೆ. ಉಲ್ಲೇಖ ಹೆಚ್ಚಿದಷ್ಟೂ ಅವನ ತೂಕ ಹೆಚ್ಚು, ಅದಕ್ಕೆ ಈ ಭಿಕ್ಷೆ. ಥೂ.

ಐದನ್ನೂ ಸೇರಿಸಿದೆ. ಐದು ಸಾಲು, ಯಾರ ಗಂಟು ಹೋಗುತ್ತದೆ. ಅಳಿಯನ ಹೆಸರು ತೆಗೆಯಬೇಕೆಂದಿದ್ದೆ. ಈಗ ತೆಗೆದರೆ ಯಾಕೆ ಎಂದು ಸಂಪಾದಕರು ಕೇಳುತ್ತಾರೆ. ಬಿಟ್ಟೆ.

ಮಾರ್ಚ್ ೩೦, ಮಂಗಳವಾರ

ಮಧ್ಯಾಹ್ನ ಅಕ್ಕ ನೆಲ ಒರೆಸುತ್ತಿದ್ದವರು ಬಟ್ಟೆ ಬಿಟ್ಟು ಎದ್ದು ಬಂದರು.

"ಮೇಡಂ, ಒಂದು ಮಾತು ಕೇಳ್ಲಾ? ಬೈಬಾರ್ದು."

"ಕೇಳಿ ಅಕ್ಕ."

"ಬೂದಿ ಟ್ರೇ ಕೆಳಗಿನ ಹಲಗೇಲೇ ಇಟ್ಟಿದ್ದು ಅಲ್ವಾ?"

"ಹೌದು, ನೀವೇ ತಾನೆ ಇಟ್ಟಿದ್ದು. ಮೇಲಿಟ್ರೆ ಬೂದಿ ಉದುರಿ ಬೇರೆ ಟ್ರೇಗೆ ಬೀಳುತ್ತೆ ಅಂತ."

"ಅದೇ ಮೇಡಂ. ಚಳಿ ಹೋದ್ರೂ ಹೀಟರ್ ಇನ್ನೂ ಆರಿಸಿಲ್ವಲ್ಲ, ಈಗ ಅದರ ಪಕ್ಕ ಕೂತು ಒರೆಸ್ತಿದ್ದೆ. ಕೆಳಗಿನ ಹಲಗೆ ಮುಟ್ಟಿದ್ರೆ ಬಿಸಿ. ಮೇಲಿಂದು ತಣ್ಣಗಿದೆ. ಹುಳಕ್ಕೆ ಅವಸರ ಬಂದಿದ್ದು ಬೂದಿಯಿಂದಾನೋ, ಕಾವಿನಿಂದಾನೋ?"

ನಮ್ಮ ಥರ್ಮಾಮೀಟರ್ ಬಾಗಿಲ ಪಕ್ಕದ ಮೊಳೆಯಲ್ಲಿದೆ, ಬಗ್ಗದೆ ಓದಲು ಅನುಕೂಲವಾಗಲಿ ಎಂದು ನನ್ನ ಕಣ್ಣಿನ ಎತ್ತರಕ್ಕೆ ನಾನೇ ಹೊಡೆದ ಮೊಳೆ. ಅದನ್ನು ತೆಗೆದು ಕೆಳಗಿನ ಹಲಗೆಯ ಮೇಲಿಟ್ಟೆ. ಮೂವತ್ತೊಂದು ಡಿಗ್ರಿ. ಮೇಲಿನ ಹಲಗೆಯಲ್ಲಿ ಇಪ್ಪತ್ತೇಳು. ಹೀಟರ್ ನೆಲದ ಮೇಲೆ, ಹುಳು ಅದರ ನೆತ್ತಿಯ ಮೇಲೆ. ಮೊದಲಿನ ಐದು ಪದಾರ್ಥಗಳನ್ನು ನೋಡಿದ್ದು ಸೆಕೆಯ ತಿಂಗಳುಗಳಲ್ಲಿ, ಆಗ ಹೀಟರ್ ಹಚ್ಚಿರಲಿಲ್ಲ. ಟ್ರೇಗಳನ್ನು ದಿನಾ ಹಲಗೆಯಿಂದ ಹಲಗೆಗೆ ಬದಲಾಯಿಸಬೇಕು ಎಂದು ಮೊದಲ ವರ್ಷದ ಮಕ್ಕಳಿಗೆ ಪಾಠ ಹೇಳುವವಳು ನಾನು. ನನ್ನ ಮೇಲೆ ನನಗೇ ವಾಕರಿಕೆ ಬಂತು.

ಅಕ್ಕನ ಕೈ ಹಿಡಿದುಕೊಂಡು, "ಇದು ನೀವು ಕಂಡುಹಿಡಿದಿದ್ದು ಅಕ್ಕ. ಇನ್ನೊಂದು ಸಲ ಮಾಡೋಣ. ಬೂದಿ ಮೇಲೆ, ಬೂದಿ ಇಲ್ಲದ್ದು ಕೆಳಗೆ. ತಪ್ಪು ಅಂತಾದ್ರೆ ಪತ್ರಿಕೆಗೆ ನಾನೇ ಬರೆದು ಪ್ರಬಂಧ ವಾಪಸ್ ತಗೋತೀನಿ" ಎಂದೆ. ಮನಸಾರೆ ಹೇಳಿದ ಮಾತು.

ಏಪ್ರಿಲ್ ೨೩, ಶುಕ್ರವಾರ

ಮೂರು ವಾರ ಹೀಟರ್ ಹಚ್ಚಿಟ್ಟು ನೋಡಿದ್ದಾಯಿತು. ಕೆಳಗಿನ ಹಲಗೆಯ ಬೂದಿಯಿಲ್ಲದ ಹುಳು ಎರಡು ದಿನ ಮೊದಲು ಕೋಶ ಕಟ್ಟಿವೆ. ಮೇಲಿನ ಹಲಗೆಯ ಬೂದಿಯ ಹುಳು ನಿಧಾನವಾಗಿ, ಯಾವ ಅವಸರವೂ ಇಲ್ಲದೆ ತಿನ್ನುತ್ತಿವೆ. ಬೂದಿಯಿಂದ ಏನೂ ಆಗುವುದಿಲ್ಲ.

ಅಕ್ಕ ನೋಟ್‌ಬುಕ್ ಮುಚ್ಚಿ ನನ್ನ ಮುಖ ನೋಡಿದರು. ಸಂಪಾದಕರಿಗೆ ಕಾಗದ ಬರೆದಿಟ್ಟಿದ್ದೇನೆ, ನಾಲ್ಕೇ ಸಾಲು. ಸೋಮವಾರ ಕಳಿಸುತ್ತೇನೆ.

ಏಪ್ರಿಲ್ ೨೪, ಶನಿವಾರ

ಪ್ರಬಂಧ ಸ್ವೀಕೃತವಾಗಿದೆ. "ಅಭಿನಂದನೆಗಳು" ಎಂದು ಬಂದಿದೆ.

ನಮ್ಮ ಮನೆಯವರು ಅಂಗಡಿಯಿಂದ ಬಂದವರು, "ಇಷ್ಟು ವರ್ಷಕ್ಕೆ ಒಳ್ಳೆ ಸುದ್ದಿ ಬಂದಿದೆ, ಮುಖ ಯಾಕೆ ಹೀಗಿಟ್ಕೊಂಡಿದ್ದೀ?" ಎಂದರು. ಹಲಗೆಯ ಕಥೆ ಹೇಳಿದೆ. ಒರೆಸುತ್ತಿದ್ದ ಕನ್ನಡಕವನ್ನು ಕೆಳಗಿಟ್ಟರು.

"ನನ್ನ ಅಂಗಡೀಲಿ ತಪ್ಪು ನಂಬರಿನ ಗಾಜು ಕೊಟ್ರೆ ಗಿರಾಕಿ ಮಾರನೇ ದಿನ ವಾಪಸ್ ತರ್ತಾನೆ. ನಿಮ್ಮಲ್ಲಿ ಯಾರು ತರ್ತಾರೆ?"

"ಯಾರಾದ್ರೂ ತರ್ತಾರೆ ರೀ. ಯಾವತ್ತಾದ್ರೂ."

"ಜೂನ್ ಹದಿನೈದರೊಳಗೆ ತರ್ತಾರಾ?"

ಅವರು ಕೇಳಿದ ರೀತಿ ನನಗೆ ಸೇರಲಿಲ್ಲ. ವ್ಯಾಪಾರಿಯ ಬುದ್ಧಿ.

ಮೇ ೩, ಸೋಮವಾರ

ಕಾಗದ ಹಿಡಿದುಕೊಂಡೇ ಬಾಲಂಗೋಚಿಯ ಕೋಣೆಗೆ ಹೋದೆ. ಎಲ್ಲ ಹೇಳಿದೆ. ಅವರು ಕುರ್ಚಿ ಹಿಂದಕ್ಕೆ ಒರಗಿಸಿ ಕಣ್ಣು ಮುಚ್ಚಿ ಕೇಳಿದರು, ಹಾಲು ಕುಡಿಯುವ ಬೆಕ್ಕಿನ ಹಾಗೆ.

"ಎಷ್ಟು ಸಲ ಮಾಡಿದೆ?"

"ಒಂದು ಸಲ ಸರ್."

"ಒಂದು ಸಲ ಮಾಡಿದ್ದನ್ನ ನಂಬಿ ವಾಪಸ್ ತಗೋತೀಯಾ? ಇದೇನಮ್ಮಾ ವಿಜ್ಞಾನ? ಮೂರು ಸಲ ಮಾಡು, ಆಮೇಲೆ ನೋಡೋಣ."

ಬೂದಿಯನ್ನು ನಾವು ಮೊದಲು ನೋಡಿದ್ದೂ ಒಂದೇ ಸಲ. ಅದು ಅವರಿಗೂ ಗೊತ್ತು. ಆ ಮನುಷ್ಯನ ಮೇಲೆ ಉಗಿಯಬೇಕು ಅನ್ನಿಸಿತು. ಆದರೆ ಹೊರಗೆ ಬಂದು ಯೋಚಿಸಿದರೆ, ಉಳಿದದ್ದು ಹೇಗೇ ಇರಲಿ, ಒಂದು ಸಲದ ಪರೀಕ್ಷೆ ಸಾಲದು ಎಂಬುದು ಸರಿಯಾದ ಮಾತೇ. ಅವಸರದಿಂದ ತೀರ್ಮಾನಕ್ಕೆ ಬರಬಾರದು. ಕಾಗದವನ್ನು ಡ್ರಾಯರಿನಲ್ಲಿ, ಆ ಹಳೆಯ ಕಾಗದದ ಕೆಳಗೆ ಇಟ್ಟಿದ್ದೇನೆ.

ಮೇ ೧೨, ಬುಧವಾರ

ಅಚ್ಚಿಗೆ ಮುಂಚಿನ ಕರಡು ತಿದ್ದಲು ಬಂದಿತ್ತು. ಅಕ್ಕನಿಗೆ ಸಂತೋಷವಾಗಲಿ ಎಂದು ಕೃತಜ್ಞತೆಯ ಸಾಲಿನಲ್ಲಿ ಅವರ ಹೆಸರು ತೋರಿಸಿದೆ. ಅವರು ಕೈ ಒರೆಸಿಕೊಂಡು ಹತ್ತಿರ ಬಂದು ನೋಡಿದರು.

"ಇದು ಬೂದಿಯದೇ ಅಲ್ವಾ ಮೇಡಂ?"

"ಹೌದಕ್ಕ."

"ಹಾಗಾದ್ರೆ ನನ್ನ ಹೆಸರು ತೆಗೆದುಬಿಡಿ."

"ಯಾಕಕ್ಕ? ಜನ ಹೆಸರು ಹಾಕಿ ಹಾಕಿ ಅಂತ ಬೇಡ್ಕೋತಾರೆ."

"ಎಣಿಸಿದ್ದು ನಾನೇ. ಎರಡು ಸಲನೂ ಎಣಿಸಿದ್ದೀನಿ. ಮೊದಲನೇದಕ್ಕೆ ಮಾತ್ರ ನನ್ನ ಹೆಸರು ಬೇಡ."

ಎಷ್ಟು ಸೊಕ್ಕು! ಇವರ ಹೆಸರು ಸೇರಿಸಲು ನಾನು ಬಾಲಂಗೋಚಿಯ ಜೊತೆ ಜಗಳವಾಡಿದ್ದು ಇವರಿಗೆ ಗೊತ್ತೇ? ಕೊಟ್ಟ ಹಸುವಿನ ಹಲ್ಲು ಎಣಿಸುವವರಿಗೆ ಏನು ಹೇಳುವುದು. ತೆಗೆದುಹಾಕಿದೆ. ಒಂದು ಸಾಲು ಉಳಿಯಿತು.

ಜೂನ್ ೧೫, ಮಂಗಳವಾರ

ಖಾಯಂ ಆಯಿತು. ಹನ್ನೆರಡು ನಿಮಿಷದ ಸಂದರ್ಶನ. ಪ್ರಬಂಧವನ್ನು ಯಾರೂ ಓದಿರಲಿಲ್ಲ. ಎಷ್ಟಿವೆ ಎಂದು ಎಣಿಸಿದರು, ಅಷ್ಟೆ. ಎಂಥ ಜನ.

ಜುಲೈ ೧೯, ಸೋಮವಾರ

ಅಕ್ಕ ಕೇಳಿಕೊಂಡು ಗ್ರಂಥಾಲಯಕ್ಕೆ ವರ್ಗವಾಗಿ ಹೋದರು. ಹೋಗುವಾಗ ಉದ್ದ ನೋಟ್‌ಬುಕ್ಕನ್ನು ನನ್ನ ಮೇಜಿನ ಮೇಲಿಟ್ಟು, "ಎರಡನೇ ಸಲದ್ದು ನಲವತ್ತನೇ ಪುಟದಿಂದ ಇದೆ ಮೇಡಂ" ಎಂದರು. ಕಪಾಟಿನ ಮೇಲೆ ಎಲ್ಲೋ ಇಟ್ಟಿದ್ದೇನೆ.

ಹುಳುವಿನ ಕೋಣೆಯನ್ನು ಈಗ ಸಂಶೋಧನೆಗೆ ಹೊಸದಾಗಿ ಸೇರಿದ ಹುಡುಗಿ ನೋಡಿಕೊಳ್ಳುತ್ತಾಳೆ. ಬೂದಿಯ ಮೇಲೆ ಇನ್ನೂ ಎರಡು ಪ್ರಬಂಧ ಆಗಬಹುದು: ಜರಡಿ ಹಿಡಿದ ಬೂದಿ ಒಂದು, ಹಿಡಿಯದ್ದು ಇನ್ನೊಂದು. ತನ್ನ ಮೊದಲ ಪ್ರಬಂಧದ ಕರಡಿನ ಕೊನೆಗೆ ನನ್ನ ಹೆಸರು ಹಾಕಿದ್ದಳು. ನಾನೇನೂ ಕೇಳಿರಲಿಲ್ಲ. ಪ್ರೀತಿಯಿಂದ ಹಾಕಿದ್ದನ್ನು ತೆಗೆ ಎನ್ನುವುದೂ ಸರಿಯಲ್ಲ. ಕೋಣೆಗೆ ಒಮ್ಮೆ ಹೋಗಿದ್ದೆ. ಅವಳು ಸರಿಯಾಗಿ ತೊಳೆಸುವುದಿಲ್ಲವೋ ಏನೋ, ಬಾಗಿಲಲ್ಲೇ ನಾತ ಬಡಿಯಿತು. ಒಳಗೆ ಕಾಲಿಡಲು ಆಗಲಿಲ್ಲ.

ಕೋಳಿ ಸಾಕುವವನೊಬ್ಬ ಫೋನ್ ಮಾಡಿದ್ದ. ಪತ್ರಿಕೆಯಲ್ಲಿ ಓದಿ ಬೂದಿ ಹಾಕಿದನಂತೆ, ಹುಳು ಅವಸರ ಮಾಡುತ್ತಿಲ್ಲವಂತೆ. ಬೂದಿ ಇನ್ನೂ ನುಣ್ಣಗಿರಲಿ ಎಂದೆ. ಈ ಜನಕ್ಕೆ ತಾಳ್ಮೆಯೇ ಇಲ್ಲ.

ನಮ್ಮ ಮನೆಯವರು ಊಟಕ್ಕೆ ಕೂತಾಗ, "ಈಗ ನಿನ್ನ ಹತ್ರ ಆ ವಾಸನೆನೇ ಇಲ್ಲ" ಎಂದರು. ಹೊಗಳಿದರೋ ಏನೋ, ದನಿಯಿಂದ ತಿಳಿಯಲಿಲ್ಲ.

ಸೆಪ್ಟೆಂಬರ್ ೨೬, ಭಾನುವಾರ

ರಜೆಯ ದಿನವೂ ಬಿಡುವಿಲ್ಲ. ಬೂದಿಯ ಪ್ರಬಂಧ ಅಚ್ಚು ಹಾಕಿದ ಪತ್ರಿಕೆಯವರು ಈಗ ನನ್ನನ್ನೇ ಪರಿಶೀಲಕಿಯಾಗಿ ಮಾಡಿಕೊಂಡಿದ್ದಾರೆ. ಮೊದಲ ಪ್ರಬಂಧ ಓದಿ ಮುಗಿಸಿದೆ. ಬರೆದವರ ಹೆಸರು ಮುಚ್ಚಿ ಕಳಿಸುತ್ತಾರೆ. ಭಾಷೆ ನೋಡಿದರೆ ಚಿಕ್ಕ ವಯಸ್ಸಿನವರು, ಸಣ್ಣ ಜಾಗದವರು. ನನ್ನ ಬೂದಿಯ ಪರೀಕ್ಷೆಯನ್ನೇ ಮತ್ತೆ ಮಾಡಿದ್ದಾರೆ. ಟ್ರೇಗಳನ್ನು ದಿನಾ ಹಲಗೆಯಿಂದ ಹಲಗೆಗೆ ಬದಲಾಯಿಸಿ, ಒಂದಲ್ಲ, ಮೂರು ಸಲ. ಬೂದಿಯಿಂದ ಏನೂ ಆಗುವುದಿಲ್ಲ ಎಂದಿದ್ದಾರೆ. ನಾಲ್ಕನೆಯ ಪುಟದಲ್ಲಿ, "ಮೂಲ ಲೇಖಕರ ಕೋಣೆಯಲ್ಲಿ ಕಾವು ಎಲ್ಲ ಹಲಗೆಗಳಿಗೂ ಸಮನಾಗಿ ಹರಡಿರಲಿಲ್ಲವೇನೋ, ಅವರನ್ನೇ ಕೇಳಿ ತಿಳಿಯುವ ಆಸೆಯಿದೆ" ಎಂದು ಬೇರೆ ಬರೆದಿದ್ದಾರೆ.

ನೋಡದವರ ಕೋಣೆಯ ಬಗ್ಗೆ ಇಷ್ಟು ಧಾರಾಳವಾಗಿ ಊಹೆ ಮಾಡುತ್ತಾರಲ್ಲ! ಒಬ್ಬರು ಕಷ್ಟಪಟ್ಟು ಕಟ್ಟಿದ್ದನ್ನು ಕೆಡವಿಯೇ ಹೆಸರು ಮಾಡಬೇಕೇ? ಓದುತ್ತಾ ಓದುತ್ತಾ ಹೇಸಿಗೆಯಾಯಿತು. ನಮೂನೆಯಲ್ಲಿ "ಈ ವಿಷಯದಲ್ಲಿ ನಿಮ್ಮ ಸ್ವಂತ ಹಿತಾಸಕ್ತಿ ಏನಾದರೂ ಇದೆಯೇ" ಎಂದಿತ್ತು. ಇಲ್ಲ ಎಂದು ಗುರುತು ಹಾಕಿದೆ. ಬೂದಿಯ ಬಗ್ಗೆ ನನಗೇನು ಆಸಕ್ತಿ, ಅದು ವಿಜ್ಞಾನದ ವಿಷಯ.

ಒರಟಾಗಿ ಬರೆಯಬಾರದು, ಚಿಕ್ಕವರು ನೊಂದುಕೊಳ್ಳುತ್ತಾರೆ. ಯೋಚಿಸಿ ಎರಡೇ ಸಾಲು ಬರೆದೆ: "ಕೆಲಸ ಅಚ್ಚುಕಟ್ಟಾಗಿದೆ. ಆದರೆ ಇದರಲ್ಲಿ ಹೊಸತೇನೂ ಇಲ್ಲ. ನಮ್ಮ ಓದುಗರಿಗೆ ರುಚಿಸುವಂಥದ್ದಲ್ಲ." ಕಳಿಸಿದ ಮೇಲೆ ಮನಸ್ಸಿಗೆ ಹಗುರವಾಯಿತು.

ಅಷ್ಟರಲ್ಲಿ ಮಗಳು ಅಡುಗೆಮನೆಯಿಂದ ಓಡಿಬಂದಳು. ಕೊಳೆತ ಹಣ್ಣಿನಲ್ಲಿ ಸಿಕ್ಕಿತಂತೆ, ಆ ಹಳೆಯ ಬೆಂಕಿಪೆಟ್ಟಿಗೆಯಲ್ಲಿ ಹಾಕಿಕೊಂಡು ಬಂದು ನನ್ನ ಮೂಗಿನ ಕೆಳಗೆ ತೆರೆದಳು.

"ಅಮ್ಮ, ನೋಡು! ನಿನ್ನ ಹುಳ!"

ಬಿಳಿಯದು, ಕಡಲೆಯಷ್ಟಿತ್ತು, ಬೆಳಕು ಕಂಡು ಮುಖ ತಿರುಗಿಸಿತು.

"ಛೀ! ಗಲೀಜು! ಆಚೆ ಎಸೆದು ಬಾ ಹೋಗು. ಕೈ ತೊಳ್ಕೋ, ಸೋಪು ಹಾಕಿ."

ಅವಳು ಅಲ್ಲಾಡದೆ ನಿಂತು, ಹುಳುವನ್ನು ನೋಡುವುದು ಬಿಟ್ಟು ನನ್ನನ್ನೇ ನೋಡುತ್ತಿದ್ದಳು. ನಾನೇ ಎದ್ದುಹೋಗಿ ಎರಡು ಸಲ ಸೋಪು ಹಾಕಿ ಕೈ ತೊಳೆದುಕೊಂಡೆ. ನಾನು ಅದನ್ನು ಮುಟ್ಟಿಯೇ ಇರಲಿಲ್ಲ.